ಹಳ್ಳ ದಾಟಿದ ವಕೀಲರ ಆಫೀಸು

ನಮ್ಮೂರಿನಲ್ಲಿ ಕಟ್ಟಡಗಳು ರಾತ್ರಿ ಹೊತ್ತು ಜಾಗ ಬದಲಿಸುತ್ತವೆ. ಎಲ್ಲವೂ ಅಲ್ಲ, ದಿನವೂ ಅಲ್ಲ. ಕೆಲವು ಮನೆಗಳಿಗೆ ವರ್ಷಗಟ್ಟಲೆ ಮನಸ್ಸೇ ಬರುವುದಿಲ್ಲ, ಇನ್ನು ಕೆಲವಕ್ಕೆ ಕಾಲು ನಿಲ್ಲುವುದಿಲ್ಲ. ಹೀಗಾಗಿ ನಮ್ಮಲ್ಲಿ ಯಾರೂ ಈ ಮನೆಯಿಂದ ಆ ಮನೆಗೆ ಬಟ್ಟೆಯ ಹಗ್ಗ ಕಟ್ಟುವುದಿಲ್ಲ. ಹೊರಗಿನಿಂದ ಬಂದ ಹೊಸ ಸೊಸೆಯಂದಿರು ಒಮ್ಮೆ ಕಟ್ಟುತ್ತಾರೆ; ಮರುದಿನ ಗಂಡನ ಅಂಗಿ ಹುಡುಕಿಕೊಂಡು ಓಣಿ ಓಣಿ ಅಲೆದು ಕಲಿಯುತ್ತಾರೆ. ಚಪ್ಪಲಿಗಳನ್ನು ಮಲಗುವ ಮುಂಚೆ ಒಳಗಿಡುತ್ತೇವೆ. ಹಾಲಿನವನು ಮನೆಗಳನ್ನು ಬಾಗಿಲಿನ ಬಣ್ಣದಿಂದ ಗುರುತಿಸುತ್ತಾನಾದ್ದರಿಂದ ಬಣ್ಣ ಬದಲಿಸುವವರು ಮೊದಲು ಅವನ ಕಿವಿಗೆ ಹಾಕಬೇಕು. ಒಂದು ಬೆಳಿಗ್ಗೆ ನಮ್ಮವ್ವ ಬಾಗಿಲು ತೆರೆದರೆ, ಎಂದೋ ಮಾತು ಬಿಟ್ಟಿದ್ದ ಅವಳ ಅಕ್ಕನ ಮನೆ ಎದುರಿಗೇ ಬಂದು ನಿಂತಿತ್ತು. ಇಬ್ಬರೂ ಸ್ವಲ್ಪ ಹೊತ್ತು ಮುಖ ಮುಖ ನೋಡಿಕೊಂಡರು. ಕೊನೆಗೆ ಅವ್ವನೇ, "ಚಾ ಆತೇನ?" ಅಂದಳು. ಇಂಥವೆಲ್ಲ ನಮಗೆ ವಿಶೇಷವಲ್ಲ.

ಇಂಥ ಊರಿನಲ್ಲಿ ವಕೀಲರಿಗೆ ಕೆಲಸದ ಬರವಿಲ್ಲ. ನಿನ್ನೆ ನಮ್ಮ ಅಂಗಳದಲ್ಲಿದ್ದ ನುಗ್ಗೆ ಗಿಡ ಇವತ್ತು ಅವರ ಅಂಗಳದಲ್ಲಿದೆ, ಕಾಯಿ ಯಾರಿಗೆ ಸೇರಬೇಕು? ಗೋದಾಮೊಂದು ಬಂದು ಕಿಟಕಿಗೆ ಅಡ್ಡ ನಿಂತಿದೆ, ಅದು ತೊಲಗುವವರೆಗೆ ಬಾಡಿಗೆ ಕಡಿಮೆ ಮಾಡಬೇಕೋ ಬೇಡವೋ? ಹಿಟ್ಟಿನ ಗಿರಣಿ ಆಸ್ಪತ್ರೆಯ ಪಕ್ಕಕ್ಕೆ ಬಂದು ಕೂತರೆ ಯಾರನ್ನು ಕೇಳಬೇಕು? ವಕೀಲರಿಗೆ ಕೆಲಸ ಇದ್ದಷ್ಟೂ ಅವರ ಸಹಾಯಕರಿಗೆ ಓಡಾಟ. ಮಂದಾಕಿನಿ ಎಂಬ ನಾನು, ಸಹಾಯಕರ ತರಬೇತಿ ಮುಗಿಸಿ, ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ, ಬೆಣಕಲ್ಲ ವಕೀಲರ ಆಫೀಸು ಸೇರಿದೆ. ಬೆಳಿಗ್ಗೆ ಕಕ್ಷಿದಾರರ ಮನೆಗಳು ಎಲ್ಲಿಗೆ ಹೋಗಿವೆಯೆಂದು ಹುಡುಕಿ ನೋಟಿಸು ಮುಟ್ಟಿಸುವುದು, ಆಮೇಲೆ ಅರ್ಜಿ ಬರೆಯುವುದು, ಕೋರ್ಟಿಗೆ ಕಡತ ಹೊರುವುದು, ಸಂಜೆ ನಕಲು ತೆಗೆಯುವುದು, ನಡುವೆ ಸಾಹೇಬರಿಗೆ ಚಹ ತರುವುದು, ಇಷ್ಟು ನನ್ನ ಕೆಲಸ. ಸಂಬಳದ ಲಕೋಟೆ ಎಷ್ಟು ತೆಳ್ಳಗಿತ್ತೆಂದರೆ, ಮೊದಲ ತಿಂಗಳು ಖಾಲಿ ಲಕೋಟೆ ಕೊಟ್ಟಿದ್ದಾರೆಂದು ತಿಳಿದು ಹಿಂದಿರುಗಿಸಲು ಹೋಗಿದ್ದೆ. ರಜೆ ಎಂಬುದಿರಲಿಲ್ಲ. ಜ್ವರ ಬಂದರೆ ಜ್ವರ ನಮ್ಮದು, ಆ ದಿನದ ಸಂಬಳ ಅವರದು.

ಬೆಣಕಲ್ಲ ವಕೀಲರು ಕೆಟ್ಟ ಮನುಷ್ಯರೇನಲ್ಲ. ದುಂಡಗಿನ ಮೈ, ಮೆತ್ತಗಿನ ಮಾತು, ಜೇಬಿನಲ್ಲಿ ಸದಾ ಪೆಪ್ಪರಮಿಂಟು. ಯಾರಾದರೂ ಸಂಬಳದ ಮಾತೆತ್ತಿದರೆ ಒಂದು ಪೆಪ್ಪರಮಿಂಟು ಕೈಗಿಟ್ಟು, "ತಂಗಿ, ಇಲ್ಲಿ ಸಿಗೋ ಅನುಭವಕ್ಕ ಬೆಲೆ ಕಟ್ಟಾಕ ಆಗೂದಿಲ್ಲ," ಎನ್ನುತ್ತಿದ್ದರು. ಕಟ್ಟಲು ಆಗುವುದಿಲ್ಲವಾದ್ದರಿಂದ ಅವರು ಕಟ್ಟುತ್ತಲೂ ಇರಲಿಲ್ಲ. ಅವರ ಒಂದು ನಿಯಮ ಮಾತ್ರ ಕಲ್ಲಿನಂಥದು. ಹತ್ತು ಗಂಟೆ ದಾಟಿ ಬಂದವರಿಗೆ ಅರ್ಧ ದಿನದ ಸಂಬಳ ಕಟ್. ನಮ್ಮ ಆಫೀಸಾದರೋ ಕಾಲು ನಿಲ್ಲದ ಜಾತಿಯದು. ಇವತ್ತು ದನದ ಪೇಟೆಯ ಹತ್ತಿರ ಇದ್ದರೆ ನಾಳೆ ನೇಕಾರ ಓಣಿಯಲ್ಲಿ, ಮರುದಿನ ಎಣ್ಣೆ ಗಾಣದ ಹಿಂದೆ. ನಾವು ಎದ್ದು ತಲೆ ಬಾಚಿಕೊಂಡು, ಮೊದಲು ಆಫೀಸು ಹುಡುಕಿ, ಆಮೇಲೆ ಕೆಲಸಕ್ಕೆ ಹಾಜರಾಗಬೇಕು. ಸಾಹೇಬರು ಒಂದು ದಿನವೂ ತಡವಾಗಿ ಬಂದವರಲ್ಲ, ಯಾಕೆಂದರೆ ಅವರು ವಾಸವಿದ್ದದ್ದು ಆಫೀಸಿನ ಮಹಡಿಯ ಮೇಲೆ. ಎಲ್ಲಿಗೆ ಹೋದರೂ ಕಟ್ಟಡ ಅವರನ್ನು ಮಲಗಿಸಿಕೊಂಡೇ ಹೋಗುತ್ತಿತ್ತು. ಅವರು ಮೆಟ್ಟಿಲಿಳಿದು ಬಂದು ಗಡಿಯಾರ ನೋಡಿ, ಬಾಗಿಲಲ್ಲಿ ಬೆವರೊರೆಸಿಕೊಳ್ಳುತ್ತ ನಿಂತ ನಮ್ಮನ್ನು ನೋಡಿ, "ಸಮಯಪಾಲನೆ ಕಲೀಬೇಕವಾ," ಎನ್ನುತ್ತಿದ್ದರು.

ಆಫೀಸಿನಲ್ಲಿ ನನ್ನ ಜೊತೆ ಇಬ್ಬರು. ಒಬ್ಬ ಫಕೀರೇಶ. ಅವನ ತಲೆಯಲ್ಲಿ ಕಪ್ಪು ಕೂದಲಿಗಿಂತ ಬಿಳಿಯವೇ ಹೆಚ್ಚು, ಆದರೂ ಸಾಹೇಬರು ಕಕ್ಷಿದಾರರಿಗೆಲ್ಲ ಅವನನ್ನು, "ಇವ ನಮ್ಮ ಹೊಸ ಹುಡುಗ," ಎಂದೇ ಪರಿಚಯಿಸುತ್ತಿದ್ದರು. ಹೊಸಬರಿಗೆ ಹೊಸಬರ ಸಂಬಳ ತಾನೆ. ಫಕೀರೇಶ ಅದಕ್ಕೆ ಒಂದು ಸಲವೂ ಎದುರಾಡಿದವನಲ್ಲ. ಮಾತಿಗಿಂತ ಮೊದಲು ಕೆಮ್ಮು ಬರುವ ಮನುಷ್ಯ ಅವನು. ಕೆಮ್ಮು ಮುಗಿಯುವಷ್ಟರಲ್ಲಿ ಎದುರಿನವರು ಬೇರೆ ಮಾತಿಗೆ ಹೋಗಿರುತ್ತಿದ್ದರು. ಮನೆಯಲ್ಲಿ ಸೊಂಟ ಮುರಿದು ಹಾಸಿಗೆ ಹಿಡಿದ ತಾಯಿ ಇದ್ದಳು. ಇನ್ನೊಬ್ಬಳು ಜುಬೇದಾ. ಕಿಟಕಿಯ ಬಳಿಯ ಒಂದೇ ಟೇಬಲ್ಲಿನ ಆ ತುದಿ ಅವಳದು, ಈ ತುದಿ ನನ್ನದು. ಅವಳ ಅಕ್ಷರ ದುಂಡಗೆ, ನಗು ಇನ್ನೂ ದುಂಡಗೆ. ಅವಳ ಗಂಡ ಮಸ್ತಾನ ಮದುವೆ ಬ್ಯಾಂಡಿನಲ್ಲಿ ತುತ್ತೂರಿ ಊದುತ್ತಿದ್ದ. ಮದುವೆಗಳಿಲ್ಲದ ತಿಂಗಳುಗಳಲ್ಲಿ ಆ ಮನೆ ನಡೆಯುತ್ತಿದ್ದದ್ದು ಜುಬೇದಾಳ ತೆಳ್ಳನೆಯ ಲಕೋಟೆಯಿಂದಲೇ.

ಆ ಜುಬೇದಾ ಬಸುರಿಯಾದಳು. ಹೊಟ್ಟೆ ಬೆಳೆದಂತೆ ಅವಳ ನಡಿಗೆ ನಿಧಾನವಾಯಿತು, ಆಫೀಸು ಮಾತ್ರ ಮೊದಲಿನಂತೆಯೇ ಊರು ಸುತ್ತುತ್ತಿತ್ತು. ನಾನು ಮುಂದೆ ಓಡಿ ಹುಡುಕಿ, ತಿರುಗಿ ಓಡಿ ಬಂದು ದಾರಿ ಹೇಳುತ್ತಿದ್ದೆ. ಆದರೂ ವಾರದಲ್ಲಿ ಹೆಚ್ಚಿನ ದಿನ ಅವಳ ಅರ್ಧ ಸಂಬಳ ಹೋಗುತ್ತಿತ್ತು. ಕೊನೆಗೆ ನಾವು ಮೂವರೂ ಸೇರಿ ಸಾಹೇಬರ ಮುಂದೆ ನಿಂತೆವು. ಹಿರಿಯನೆಂದು ಫಕೀರೇಶನನ್ನು ಮುಂದೆ ಮಾಡಿದ್ದು ನಮ್ಮ ತಪ್ಪು. ಅವನು ಕೆಮ್ಮತೊಡಗಿದ. ನಾನೇ ಹೇಳಿಬಿಟ್ಟೆ.

"ಸಾಹೇಬ್ರ, ಜುಬೇದಾಗ ಬಾಣಂತನಕ್ಕ ರಜಾ ಬೇಕ್ರಿ. ಸಂಬಳ ಸಮೇತ."

"ರಜಾ ಬ್ಯಾಡ ಅಂದೀನೇನು?" ಎಂದರು ಸಾಹೇಬರು, ನಿಜವಾಗಿ ನೊಂದವರ ಹಾಗೆ. "ಆರಾಮ ತಗೋ ತಂಗಿ, ಎಷ್ಟು ಬೇಕಾದ್ರೂ ತಗೋ. ಕೂಸು ದೊಡ್ಡದಾಗ್ಲಿ. ಆಮ್ಯಾಲ ಬಾ. ಜಾಗಾ ಖಾಲಿ ಇದ್ರ ನೋಡೂಣು."

"ಸಂಬಳ?"

"ಕೆಲಸ ಮಾಡಲಾರದ ಸಂಬಳ ತಗೊಂಡ್ರ ನಿಮಗ ಮನಸ್ಸಿಗಿ ಚೊಲೊ ಅನಸೂದಿಲ್ಲವಾ. ನಿಮ್ಮ ಸ್ವಾಭಿಮಾನದ ಮ್ಯಾಲ ನನಗ ಗೌರವ ಐತಿ."

ನಮ್ಮ ಸ್ವಾಭಿಮಾನವನ್ನೂ ಮೂರು ಪೆಪ್ಪರಮಿಂಟುಗಳನ್ನೂ ಹಿಡಿದುಕೊಂಡು ಹೊರಗೆ ಬಂದೆವು. ಜುಬೇದಾ ತನ್ನದನ್ನು ಅಲ್ಲೇ ಬಾಯಿಗೆ ಹಾಕಿಕೊಂಡು, "ಹೆರಿಗಿ ನೋವು ಸುರು ಆಗೂತನಕ ಬರ್ತೀನಿ ತಗೋ. ಟೇಬಲ್ ಮ್ಯಾಗ ಹಡದ್ರ ಅವರ ಏನ್ ಮಾಡ್ತಾರ," ಎಂದಳು. ನಕ್ಕೆವು. ಒಳಗೆ ಹೋದ ಮೇಲೆ ಅವಳು ಕಿಟಕಿಯ ಕಡೆ ತಿರುಗಿ ಕೂತು, ಬರೆದಿದ್ದ ಸಾಲನ್ನೇ ಮತ್ತೊಮ್ಮೆ ಬರೆದಳು.

ನಮ್ಮೂರಿನ ಪಕ್ಕದಲ್ಲಿ ಒಂದು ಹಳ್ಳವಿದೆ, ವರ್ಷದ ಬಹುಪಾಲು ಒಣಗಿಯೇ ಇರುತ್ತದೆ. ಅದರ ನಡುವೆ ನೆಟ್ಟ ಗಡಿಕಲ್ಲುಗಳ ಆಚೆಗೆ ಬೇರೆ ಊರು, ಬೇರೆ ಆಡಳಿತ. ನಾವು ಅದನ್ನು ಆಚೆದಂಡೆ ಎನ್ನುತ್ತೇವೆ. ಅಲ್ಲಿ ಕಟ್ಟಡಗಳು ಕಟ್ಟಿದಲ್ಲೇ ಇರುತ್ತವೆ, ಜನ ನಮ್ಮನ್ನು ಕಂಡರೆ ಒಳಗೊಳಗೇ ನಗುತ್ತಾರೆ. ಆದರೆ ಅವರ ಕಾನೂನು ಗಟ್ಟಿ. ಆ ನೆಲದ ಮೇಲಿನ ಸೂರಿನಡಿ ದುಡಿಯುವ ಯಾರಿಗೇ ಆಗಲಿ ವಾರದ ರಜೆ, ಕಾಯಿಲೆಯ ರಜೆ, ಬಸುರಿ ಬಾಣಂತಿಯರಿಗೆ ಪೂರ್ತಿ ಸಂಬಳದ ರಜೆ, ಎಲ್ಲವೂ ಇದೆ. ನಾವೆಲ್ಲ ಅದನ್ನು ಪರದೇಶದ ಸುದ್ದಿಯ ಹಾಗೆ ಕೇಳಿ ಸುಮ್ಮನಾಗುತ್ತಿದ್ದೆವು. ಅಷ್ಟಕ್ಕೂ ನಮ್ಮೂರಿನ ಕಟ್ಟಡಗಳು ಹಳ್ಳ ದಾಟಿದವಲ್ಲ.

ಒಂದು ಬೆಳಿಗ್ಗೆ ಊರೆಲ್ಲ ಸುತ್ತಿದರೂ ಆಫೀಸು ಸಿಗಲಿಲ್ಲ. ದನದ ಪೇಟೆ, ಗಾಣ, ಶಾಲೆಯ ಹಿತ್ತಲು, ಎಲ್ಲೂ ಇಲ್ಲ. ಹಳ್ಳದ ಏರಿಯ ಮೇಲೆ ಫಕೀರೇಶ ನಿಂತಿದ್ದ. ಕೈ ಮಾಡಿ ತೋರಿಸಿದ. ಆಚೆದಂಡೆಯ ಬಯಲಿನಲ್ಲಿ, ಎರಡು ಜಾಲಿ ಗಿಡಗಳ ನಡುವೆ, ನಮ್ಮ ಹಸಿರು ಬಾಗಿಲಿನ ಆಫೀಸು ತಾನೇನೂ ಮಾಡಿಲ್ಲ ಎಂಬಂತೆ ನಿಂತಿತ್ತು. ಜಗುಲಿಯ ಮೇಲೆ ಸಾಹೇಬರು, ಹಲ್ಲುಜ್ಜುವ ಬ್ರಷ್ಷು ಬಾಯಲ್ಲೇ ಇದೆ. ಆ ಊರಿನ ಮಕ್ಕಳು ಸುತ್ತ ನೆರೆದು, ಮತ್ತೆ ನಡೆಯುತ್ತದೇನೋ ಎಂದು ಕಾಯುತ್ತಿದ್ದರು.

ನಾವು ಹಳ್ಳ ಇಳಿದು ಹತ್ತಿ, ಜುಬೇದಾಳನ್ನು ಕೈಹಿಡಿದು ಕರೆತಂದು, ಟೇಬಲ್ಲಿಗೆ ಕೂರುವಷ್ಟರಲ್ಲಿ ಛತ್ರಿ ಹಿಡಿದ ಹೆಂಗಸೊಬ್ಬರು ಒಳಗೆ ಬಂದರು. ಆಚೆದಂಡೆಯ ಕಾರ್ಮಿಕ ಅಧಿಕಾರಿ ಲೀಲಾವತಿ ಕಡಕೋಳ. ಛತ್ರಿ ಮಡಚಿ, ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ, ಜುಬೇದಾಳ ಹೊಟ್ಟೆಯ ಮೇಲೆ ಕಣ್ಣು ನಿಲ್ಲಿಸಿ, ಸಾಹೇಬರ ಕಡೆ ತಿರುಗಿದರು.

"ಸೂರು ನಮ್ಮಲ್ಲಿ ಬಂದೈತಿ, ಕಾನೂನೂ ನಮ್ಮದ ಹತ್ತತೈತಿ. ಗುರುವಾರ ಬಂದು ಇವರ ಹೆಸರು ಹಚ್ಕೊತೀನಿ. ಒಮ್ಮೆ ಹೆಸರು ಹತ್ತಿದ್ರ ಆಮ್ಯಾಲ ನಿಮ್ಮ ಕಟ್ಟಡ ಎಲ್ಲಿಗಿ ಹೋದ್ರೂ ಅವರ ಹಕ್ಕು ಹೋಗೂದಿಲ್ಲ."

"ಅಮ್ಮಾರ, ನಾವಿಲ್ಲಿ ಪಾವಣೇರು ಇದ್ದಂಗ. ಇವತ್ತೋ ನಾಳೆಯೋ ಹೊಂಟೇವಿ."

"ಪಾವಣೇರ ಹಸಿವಿಗೂ ಊಟಾ ಹಾಕ್ತೀವಿ," ಎಂದು ಛತ್ರಿ ಬಿಚ್ಚಿಕೊಂಡು ಹೊರಟುಹೋದರು. ಎರಡೂ ಊರಿಗೆ ಕೋರ್ಟು ಒಂದೇ. ಅವರ ಮಾತು ಮೀರಿದರೆ ಸಾಹೇಬರ ವಕೀಲಿ ಸನದಿಗೇ ಕುತ್ತು. ಅದು ಗೊತ್ತಿದ್ದದ್ದರಿಂದ ಆ ದಿನ ಯಾರಿಗೂ ಪೆಪ್ಪರಮಿಂಟು ಸಿಗಲಿಲ್ಲ.

ಕಟ್ಟಡವನ್ನು ಎಳೆದು ತರಲು ಆಗದು. ಆದರೆ ಕರಿದ ತಿಂಡಿಯ ವಾಸನೆ ಬಂದ ಕಡೆ ಕಟ್ಟಡ ಬರುತ್ತದೆಂದು, ಸುಟ್ಟ ವಾಸನೆಗೆ ಹಿಂದೆ ಸರಿಯುತ್ತದೆಂದು ನಮ್ಮ ಊರಿನಲ್ಲಿ ಒಂದು ನಂಬಿಕೆ ಇದೆ. ಎಷ್ಟು ನಿಜವೋ ಯಾರಿಗೂ ತಿಳಿಯದು. ಮಗಳ ಮನೆ ಹತ್ತಿರ ಬರಲೆಂದು ವಾರಗಟ್ಟಲೆ ಚಕ್ಕುಲಿ ಕರಿದ ತಾಯಂದಿರೂ ಇದ್ದಾರೆ, ಅದರಿಂದ ಮಗಳ ಮನೆಯ ಬದಲು ಪೋಲೀಸ್ ಠಾಣೆ ಬಂದು ಕೂತದ್ದೂ ಉಂಟು. ಸಾಹೇಬರು ಬುಧವಾರ ಮಧ್ಯಾಹ್ನ ಕೋರ್ಟಿಗೆ ಹೋಗುವ ಮುಂಚೆ ಎಣ್ಣೆ, ಕಡಲೆಹಿಟ್ಟು, ಮೆಣಸಿನಕಾಯಿ ತರಿಸಿಕೊಟ್ಟು, ಹಳ್ಳದ ಈಚೆಗೆ ಒಲೆ ಹೂಡಿ ಬಜ್ಜಿ ಕರಿಯಲು ನಮಗೆ ಅಪ್ಪಣೆ ಮಾಡಿದರು. ವಕೀಲರ ಸಹಾಯಕರ ತರಬೇತಿಯಲ್ಲಿ ಇದನ್ನು ಹೇಳಿಕೊಟ್ಟಿರಲಿಲ್ಲ.

ಫಕೀರೇಶ ಹಿಟ್ಟು ಕಲಸಿದ. ನಾನು ಒಲೆಯ ಮುಂದೆ ಕೂತೆ. ಎಣ್ಣೆಯ ವಾಸನೆ ತಡೆಯದ ಜುಬೇದಾ ಬೇವಿನ ನೆರಳಿನಲ್ಲಿ ದೂರ ಕೂತು, ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಳು. ಫಕೀರೇಶ ಹಿಟ್ಟಿನಲ್ಲಿ ಕೈಯಾಡಿಸುತ್ತ, ಒಮ್ಮೆ ಕೆಮ್ಮಿ, ಹೇಳಿದ.

"ಆಫೀಸು ತಿರುಗಿ ಬಂದ್ರ ನನಗ ಹಿರಿಯ ಸಹಾಯಕ ಅಂತ ಮಾಡ್ತಾರಂತ. ಬೋರ್ಡ್ ಬರಸ್ತಾರಂತ. ಸಂಬಳಾನೂ ಏರಸ್ತಾರಂತ."

ನಾನು ಬಾಣಲೆಗೆ ಎಣ್ಣೆ ಸುರಿದೆ. ಜುಬೇದಾಳೇ ಆ ಕಡೆಯಿಂದ ಕೂಗಿ ಹೇಳಿದಳು. "ಕರಿ ಫಕೀರಣ್ಣ. ಅವ್ವನ ಸೊಂಟದ ಆಪರೇಶನ್ ಎಷ್ಟು ದಿನ ಮುಂದ ಹಾಕ್ತಿ. ನನ್ನ ಸಲುವಾಗಿ ಹಿಟ್ಟು ತೆಳ್ಳಗ ಮಾಡಬ್ಯಾಡ."

"ನಿನ್ನ ಹೆಸರು ಹತ್ತಲಿಕ್ಕ ನಾಳಿ ಒಂದು ದಿನ ಅದು ಅಲ್ಲೇ ಇರಬೇಕಲ್ಲ."

"ಇರಬೇಕು. ಆದ್ರ ನಿನಗೂ ಬೋರ್ಡ್ ಬೇಕಲ್ಲ."

ಇಬ್ಬರೂ ಇಷ್ಟು ಮರ್ಯಾದೆಯಿಂದ ಒಬ್ಬರ ಹೊಟ್ಟೆಯ ಮೇಲೆ ಒಬ್ಬರು ಹೊಡೆಯದೆ ಕೂತಿರುವುದನ್ನು ನೋಡಿ ನನಗೇ ಸಿಟ್ಟು ಬಂತು. ಯಾರ ಮೇಲೆಂದು ತಿಳಿಯಲಿಲ್ಲ, ಒಲೆಗೆ ಕಟ್ಟಿಗೆ ಒಟ್ಟಿದೆ. ಮೊದಲ ಬಾಣಲೆಯ ಬಜ್ಜಿ ಹೊಂಬಣ್ಣಕ್ಕೆ ಬಂದು ಘಮಘಮ ಎಂದಿತು. ಅದನ್ನು ತೆಗೆದಿಟ್ಟು ಎರಡನೆಯದನ್ನು ಬಿಟ್ಟೆ, ಬಿಟ್ಟವಳು ಆಕಾಶ ನೋಡುತ್ತ ಕೂತೆ. ಅದು ಕಪ್ಪಾಯಿತು. ಹೊಗೆ ಹಳ್ಳದ ಮೇಲೆ ಹಾಯಿತು. "ಹತ್ತಾಕತ್ತೈತಿ," ಎಂದ ಫಕೀರೇಶ. "ಹೌದು, ಕಾಣತೈತಿ," ಎಂದೆ. ಅವನು ನನ್ನನ್ನು ನೋಡಿ, ಬಾಣಲೆ ನೋಡಿ, ಹಿಟ್ಟು ಕಲಸುವುದನ್ನು ಮುಂದುವರಿಸಿದ. ಒಂದು ಬಾಣಲೆ ಚೆನ್ನಾಗಿ, ಒಂದು ಬಾಣಲೆ ಹೊತ್ತಿಸಿ, ಹೀಗೆ ಹೊತ್ತು ಮುಳುಗುವವರೆಗೆ ಕರಿದೆವು. ಚೆನ್ನಾಗಿದ್ದವನ್ನು ತಿಂದೆವು ಕೂಡ.

ಗುರುವಾರ ಬೆಳಿಗ್ಗೆ ಆಫೀಸು ಹಳ್ಳದ ನಟ್ಟನಡುವೆ ಬಂದು ನಿಂತಿತ್ತು. ಒಣ ಮರಳಿನಲ್ಲಿ, ಗಡಿಕಲ್ಲುಗಳ ಸಾಲಿನ ಮೇಲೆಯೇ, ಅರ್ಧ ಅವರ ಕಡೆ, ಅರ್ಧ ನಮ್ಮ ಕಡೆ. ಸಾಹೇಬರು ಕಟ್ಟಡದ ಸುತ್ತ ಎರಡು ಸುತ್ತು ಬಂದು, ಗೆದ್ದೆನೋ ಸೋತೆನೋ ತಿಳಿಯದೆ ಒಳಗೆ ಹೋಗಿ ಕೂತರು. ಲೀಲಾವತಿ ಕಡಕೋಳರು ಬಂದರು. ಅವರ ಜೊತೆಗೆ ಬಂದ ಆಳು ಒಂದು ಗಡಿಕಲ್ಲಿನಿಂದ ಇನ್ನೊಂದಕ್ಕೆ ದಾರ ಹಿಡಿದು, ಪಕ್ಕದ ಬಾಗಿಲಿನಿಂದ ಒಳಗೆ ತಂದು, ಎದುರು ಗೋಡೆಯ ಬೆಳಕಿಂಡಿಯಿಂದ ಹೊರಗೆ ಬಿಟ್ಟ. ಅವರು ಸೆರಗು ಸಿಕ್ಕಿಸಿಕೊಂಡು, ದಾರದ ಗುಂಟ ನೆಲದ ಮೇಲೆ ಸುಣ್ಣದ ಗೆರೆ ಎಳೆದರು.

"ಅಮ್ಮಾರ, ಕಟ್ಟಡದ ಮುಖ ನಮ್ಮೂರ ಕಡೆ ಐತಿ, ನೋಡ್ರಿ," ಎಂದರು ಸಾಹೇಬರು.

"ಮುಖ ಎತ್ಲಾಗರ ಇರಲಿ. ಕುಂಡ್ರೂ ಜಾಗಾ ನೋಡ್ತೀವಿ ನಾವು."

ಗೆರೆಯ ಆಚೆಗೆ ಸಾಹೇಬರ ದೊಡ್ಡ ಟೇಬಲ್ಲು, ಕಡತಗಳ ಕಪಾಟು, ಕಪಾಟಿನ ಪಕ್ಕ ಫಕೀರೇಶನ ಸಣ್ಣ ಟೇಬಲ್ಲು. ಈಚೆಗೆ ಕಿಟಕಿ, ಕಿಟಕಿಯ ಬಳಿ ನಾನೂ ಜುಬೇದಾಳೂ ಕೂರುವ ಟೇಬಲ್ಲು. ಜುಬೇದಾ ಗೆರೆಯನ್ನು ನೋಡಿದಳು. ಒಂದು ಮಾರು ದೂರವಿತ್ತು. ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದಳು.

ಇಬ್ಬರಿಂದ ಪಾರಾದ ಸಾಹೇಬರಿಗೆ ಜೀವ ಬಂತು. ಉಳಿದ ಒಬ್ಬನಿಂದಲೂ ಪಾರಾಗಬಹುದೆಂಬ ಆಸೆಯೂ ಬಂತು. "ಅಮ್ಮಾರ, ಅವ ನಮ್ಮ ಹೊಸ ಹುಡುಗ. ಆ ಕುರ್ಚಿ ಅವಂದು ಅಂತೇನಿಲ್ಲ. ನಮ್ಮಲ್ಲಿ ಯಾರಿಗೂ ಇಂಥಾದ್ದ ಜಾಗಾ ಅಂತ ಇಲ್ಲ ನೋಡ್ರಿ, ಇವತ್ತ ಇಲ್ಲಿ, ನಾಳಿ ಅಲ್ಲಿ. ಒಂದ ಮನಿ ಮಂದಿ ಇದ್ದಂಗ ಇದ್ದೀವಿ."

"ಅಂದ್ರ ಆ ಕುರ್ಚಿ ಇಂಥಾವ್ರದ ಅಂತ ಇಲ್ಲ."

"ಇಲ್ಲ."

"ಬರಕೊಳ್ಳಲಿ?"

"ಬರಕೊಳ್ರಿ."

ಅವರು ಬರೆದುಕೊಂಡರು. ಆಮೇಲೆ ಕನ್ನಡಕದ ಮೇಲಿನಿಂದ ನೋಡಿ, "ಹಂಗಾದ್ರ ಈಗ ಅದರಾಗ ಯಾರು ಕುಂತಾರ, ಅವರ ಹೆಸರು ಹತ್ತತೈತಿ. ಹೆಸರು ಹೇಳ್ರಿ," ಎಂದರು.

ಕುರ್ಚಿಯಲ್ಲಿ ಫಕೀರೇಶ ಕೂತಿದ್ದ. ಅವನಿಗೆ ಕೆಮ್ಮು ಬಂತು. ಬಹಳ ಹೊತ್ತು ಕೆಮ್ಮಿದ. ಅಷ್ಟು ಹೊತ್ತಿನಲ್ಲಿ ಅವನ ಮುಖದ ಮೇಲೆ ತಾಯಿಯ ಸೊಂಟ, ಆಸ್ಪತ್ರೆ, ರಜೆ, ಎಲ್ಲವೂ ಹಾದುಹೋದವೆಂದು ನನಗೆ ಅನ್ನಿಸಿತು. ಅಥವಾ ಅವನು ಬರೀ ಕೆಮ್ಮಿದನೋ ಏನೋ. ಕೆಮ್ಮು ನಿಂತ ಮೇಲೆ ಎದ್ದು ನಿಂತ. ಸುಳ್ಳು ಯಾಕೆ ಹೇಳಲಿ, ಅವನು ಎದ್ದದ್ದು ಕಂಡು ನಾನೂ ಅರ್ಧ ಎದ್ದಿದ್ದೆ. ನಮ್ಮವ್ವನಿಗೂ ಕಣ್ಣಿನ ಪೊರೆ ಬಂದಿತ್ತು, ನನಗೂ ಒಂದು ದಿನದ ರಜೆ ಎಂದರೆ ಏನೆಂದು ನೋಡಬೇಕಿತ್ತು. ಎದ್ದವಳು ಸೀರೆಯ ನೆರಿಗೆ ಸರಿಮಾಡಿಕೊಂಡಂತೆ ಮಾಡಿ ಕೂತೆ.

"ಜುಬೇದಾ," ಎಂದ ಫಕೀರೇಶ, "ಇಲ್ಲಿ ಗಾಳಿ ಚೊಲೊ ಬರ್ತೈತಿ. ಇಲ್ಲಿ ಬಂದು ಕುಂಡ್ರು."

ಕಿಟಕಿ ಇದ್ದದ್ದು ನಮ್ಮ ಕಡೆ. ಕಪಾಟಿನ ಪಕ್ಕದ ಆ ಮೂಲೆಗೆ ಗಾಳಿ ಎಂದೂ ಹೋದದ್ದಿಲ್ಲ. ಜುಬೇದಾ ಅವನನ್ನೇ ನೋಡುತ್ತ ಕೂತಳು. "ನಿನ್ನ ಕುರ್ಚಿ ಅದು," ಎಂದಳು. "ಸಾಹೇಬ್ರು ಈಗ ಹೇಳಿದ್ರಲ್ಲ, ನಂದಲ್ಲ ಅಂತ," ಎಂದ ಅವನು. ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ಎದ್ದು, ಗೆರೆ ಅಳಿಸದಂತೆ ಎತ್ತಿ ಕಾಲಿಟ್ಟು ದಾಟಿ, ಹೋಗಿ ಕೂತಳು. ಸಾಹೇಬರ ಬಾಯಿ ತೆರೆದಿತ್ತು, ಆದರೆ ಅದರಿಂದ ಮಾತಿನ ಬದಲು ಪೆಪ್ಪರಮಿಂಟಿನ ವಾಸನೆ ಮಾತ್ರ ಬರುತ್ತಿತ್ತು.

"ಹೆಸರು?"

"ಜುಬೇದಾ. ಜುಬೇದಾ ಮಸ್ತಾನಸಾಬ."

"ದಿನಾ ತುಂಬೂದು ಯಾವಾಗ?"

"ಬರೂ ತಿಂಗಳ ರೀ," ಎಂದಳು ಜುಬೇದಾ, ಅಷ್ಟು ಹೇಳಿ ಅಳತೊಡಗಿದಳು. ಅಧಿಕಾರಿ ಹೆಸರು ಬರೆದು ಮುಗಿಸಿ, ತಮ್ಮ ಛತ್ರಿಯನ್ನು ಅವಳಿಗೇ ಬಿಟ್ಟು, ಬಿಸಿಲಿನಲ್ಲಿ ತಲೆಯ ಮೇಲೆ ಸೆರಗು ಹೊದ್ದುಕೊಂಡು ಹೋದರು. ಫಕೀರೇಶ ನನ್ನ ಪಕ್ಕ ಬಂದು ಕೂತು, ಟೇಬಲ್ಲಿಗೆ ಮೊಣಕೈ ಊರಿ, "ಇದರ ಕಾಲು ಅಳ್ಳಾಡ್ತೈತೇನು? ಗೊತ್ತಿದ್ದಿಲ್ಲ," ಎಂದ.

ಎರಡು ದಿನದಲ್ಲಿ ಆಫೀಸು ತಾನಾಗಿ ಊರಿಗೆ ಮರಳಿತು. ಆಗ ಬಜ್ಜಿ ಕರಿದವರು ಯಾರೂ ಇರಲಿಲ್ಲ. ಜುಬೇದಾ ಪೂರ್ತಿ ಸಂಬಳದ ರಜೆಯ ಮೇಲೆ ಮನೆಗೆ ಹೋದಳು. ಮಸ್ತಾನ ಆ ಸಂಜೆ ಯಾರ ಮದುವೆಯೂ ಇಲ್ಲದೆ ಓಣಿಯಲ್ಲಿ ನಿಂತು ತುತ್ತೂರಿ ಊದಿದನೆಂದು ಸುದ್ದಿ. ಬೋರ್ಡ್ ಬರೆಸುವ ಮಾತನ್ನು ಸಾಹೇಬರು ಮರೆತುಬಿಟ್ಟರು. ಮೂವರ ಕೆಲಸ ಇಬ್ಬರ ಮೇಲೆ ಬಿತ್ತು. ತಡವಾದರೆ ಅರ್ಧ ದಿನ ಕಟ್ ಎನ್ನುವುದು ಮೊದಲಿಗಿಂತ ಬಿಗಿಯಾಯಿತು, ಆಫೀಸೂ ಮೊದಲಿಗಿಂತ ಹೆಚ್ಚು ಅಲೆಯತೊಡಗಿತು. ಹಳ್ಳ ದಾಟಿದ ಮೇಲೆ ಅದಕ್ಕೆ ಪ್ರಪಂಚದ ರುಚಿ ಹತ್ತಿತ್ತೋ ಏನೋ.

ಒಂದು ಸೋಮವಾರ ಹುಡುಕಿ ಹುಡುಕಿ ಸಾಕಾಗಿ, ಸಂತೆ ಬಯಲಿನ ಚಹದಂಗಡಿಯ ಬೆಂಚಿನ ಮೇಲೆ ಕೂತೆ. ಫಕೀರೇಶ ಆಗಲೇ ಅಲ್ಲಿ ಕೂತಿದ್ದ. ಹುಡುಕಿ ರೂಢಿಯಾದ ನಮ್ಮ ಕಣ್ಣಿಗೆ ಅಲ್ಲಿಂದ ಅಕ್ಕಿ ಗಿರಣಿಯ ಚಿಮಣಿಯ ಹಿಂದೆ ನಮ್ಮ ಆಫೀಸಿನ ಮಹಡಿಯ ಕಟಕಟೆಯ ತುದಿ ಕಾಣುತ್ತಿತ್ತು. ಹತ್ತು ಗಂಟೆ ಹೊಡೆದಾಗಿತ್ತು.

"ಏಳು, ಓಡೂಣು," ಎಂದೆ.

ಫಕೀರೇಶ ಏಳಲಿಲ್ಲ. "ಅರ್ಧ ದಿವಸದ ಪಗಾರ ಹೋತು. ಪಗಾರ ಅವರು ಇಟ್ಕೊಂಡ್ರ, ಆ ಅರ್ಧ ದಿವಸ ಯಾರದು?"

ಅಷ್ಟು ಉದ್ದದ ಮಾತನ್ನು ಅವನು ಕೆಮ್ಮದೆ ಆಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಯೋಚಿಸಿದೆ. ಆ ಅರ್ಧ ದಿನ ನಮ್ಮದೇ ಆಗಿತ್ತು. ಕೂತೆ. ಚಹ ಕುಡಿದೆವು. ಅಂಗಡಿಯವನ ಹೆಂಡತಿ ಕೊಟ್ಟ ಒಗ್ಗರಣೆ ಮಂಡಕ್ಕಿ ತಿಂದೆವು. ಬೆಳಗಿನ ಹೊತ್ತು ಊರು ಹೇಗಿರುತ್ತದೆಂದು ನಾನು ನೋಡಿ ಎಷ್ಟೋ ಕಾಲವಾಗಿತ್ತು. ಒಬ್ಬ ಮುದುಕ ಹತ್ತಿರ ಬಂದು, "ಇಲ್ಲೊಂದು ನೀಲಿ ಬಾಗಲದ ಮನಿ ಇತ್ತಲ್ಲ?" ಎಂದ, ದಾರಿ ಹೇಳಿದೆವು.

ಬಿಸಿಲು ನೆತ್ತಿಗೇರುವ ಹೊತ್ತಿಗೆ ಸಂತೆ ಬಯಲಿನ ಆ ತುದಿಯಲ್ಲಿ ಸಾಹೇಬರು ಕಾಣಿಸಿದರು. ಕರಿ ಕೋಟು ತೋಳಿನ ಮೇಲೆ, ಬೆವರು ಹಣೆಯ ಮೇಲೆ. ಪ್ರತಿ ಅಂಗಡಿಯ ಮುಂದೆ ನಿಂತು ಏನೋ ಕೇಳುತ್ತಿದ್ದರು. ಕೋರ್ಟಿನಲ್ಲಿ ಮಧ್ಯಾಹ್ನದ ಪಾಳಿಗೆ ಗೋದಾಮಿನ ಕೇಸು ಇತ್ತು, ಅದರ ಕಡತ ಯಾವ ಕಟ್ಟಿನಲ್ಲಿದೆಯೆಂದು ತಿಳಿದವರು ನಾವಿಬ್ಬರೇ. ಆ ಮನುಷ್ಯ ತನ್ನ ಜೀವಮಾನದಲ್ಲಿ ಏನನ್ನೂ ಹುಡುಕಿಕೊಂಡು ಹೊರಟದ್ದನ್ನು ನಾನು ಕಂಡಿರಲಿಲ್ಲ. ನಮ್ಮನ್ನು ನೋಡಿ ಬಂದು, ಬೈಯಲು ಬಾಯಿ ತೆರೆದು, ಏದುಸಿರು ಬಿಡುತ್ತ ಬೆಂಚಿನ ಮೇಲೆ ಕುಸಿದರು. ಫಕೀರೇಶ ನೀರು ತಂದು ಕೊಟ್ಟ. ಗಟಗಟ ಕುಡಿದರು.

"ನಡೀರಿ, ನಡೀರಿ ಆಫೀಸಿಗೆ. ಎರಡಕ್ಕ ಕೇಸು ಐತಿ."

"ನಡೀರಿ ಸಾಹೇಬ್ರ," ಎಂದು ಎದ್ದೆವು.

ಅವರು ಎದ್ದು ನಾಲ್ಕು ಹೆಜ್ಜೆ ನಡೆದರು. ನಿಂತರು. ಬಂದ ದಾರಿ ನೋಡಿದರು, ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಎಷ್ಟು ಓಣಿ ತಿರುಗಿದ್ದರೋ ಪಾಪ. ಮುಖದಲ್ಲಿ ಕಳೆದುಹೋದ ಕೂಸಿನ ಗಾಬರಿ ಕಂಡು ನನಗೆ ನಿಜವಾಗಿಯೂ ಕನಿಕರವಾಯಿತು.

"ಎತ್ಲಾಗ ಬರ್ತೈತಿ ಅದು?" ಎಂದು ಮೆಲ್ಲಗೆ ಕೇಳಿದರು.

"ನಾವು ತೋರಸ್ತೀವಿ ರೀ," ಎಂದೆ. "ದಾರಿ ಉದ್ದ ಐತಿ. ಮಾತಾಡಕೋತ ಹೋಗೂಣು."

ಕುಂಬಾರ ಓಣಿಯಲ್ಲಿ ನಾನು ಮೊದಲ ಮಾತು ಎತ್ತಿದೆ. ಆಫೀಸು ತಾನಾಗಿ ಜಾಗ ಬಿಟ್ಟು ಹೋದ ದಿನ ನಮ್ಮ ಸಂಬಳ ಕಡಿಯಬಾರದು. ಇವತ್ತು ಆ ಬಿಸಿಲಿನಲ್ಲಿ ತಾವೇ ಅಲೆದ ಸಾಹೇಬರು ಅದಕ್ಕೆ ಹೆಚ್ಚು ವಾದ ಮಾಡಲಿಲ್ಲ. ಆಸ್ಪತ್ರೆಯ ಹಿಂದಿನ ಬೀದಿಗೆ ಬರುವಾಗ ಕಾಯಿಲೆಯ ರಜೆಯ ಮಾತು ಬಂತು. ಅಲ್ಲಿ ಸ್ವಲ್ಪ ಎಳೆದಾಡಿದರು, ನಾವು ಆಸ್ಪತ್ರೆಯನ್ನೇ ಇನ್ನೊಂದು ಸುತ್ತು ಬಂದೆವು, ಒಪ್ಪಿದರು. ಸಂಬಳ ಏರಿಸುವ ಮಾತಿಗೆ ದನದ ಪೇಟೆಯ ಉದ್ದಕ್ಕೂ, ತಿರುಗಿ ಅಗಲಕ್ಕೂ ನಡೆಯಬೇಕಾಯಿತು. ಸಾಹೇಬರು ಗಡಿಯಾರ ನೋಡಿ, ಚಪ್ಪಲಿಯಿಂದ ಕಲ್ಲು ಕೊಡವಿ, "ಆತವಾ, ಆತು. ಮುಂದಿನ ತಿಂಗಳಿಂದ," ಎಂದರು.

ಮುಂದಿನ ತಿರುವಿನಲ್ಲಿ ಬಲಕ್ಕೆ ಹೊರಳಿದರೆ ಆಫೀಸಿನ ಹಸಿರು ಬಾಗಿಲು. ಒಳಗೊಳಗೇ ಖುಷಿಯಾಗಿ ಫಕೀರೇಶನ ಕಡೆ ನೋಡಿದೆ. ದಾರಿಯುದ್ದಕ್ಕೂ ಅವನು ಏನೂ ಮಾತಾಡಿರಲಿಲ್ಲ. ಈಗ ಕತ್ತು ಕೆಳಗೆ ಹಾಕಿ ನಡೆಯುತ್ತ, ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಅವನದೂ ಒಂದು ಮಾತು ಇತ್ತು, ಬರಲು ಇನ್ನೂ ಸ್ವಲ್ಪ ಹೊತ್ತು ಬೇಕಿತ್ತು. ನಾನು ಸಾಹೇಬರ ಮೊಣಕೈ ಹಿಡಿದು, "ಇತ್ಲಾಗ ರೀ," ಎಂದು ಎಡಕ್ಕೆ ತಿರುಗಿಸಿದೆ.